ತುರ್ತು ಎಚ್ಚರಿಕೆ ಸಂದೇಶ: ಮೊಬೈಲ್ ಗೋಪುರದಿಂದ ಮನೆಯಂಗಳದವರೆಗೆ

(ಗ್ರಾಮ ಪಂಚಾಯಿತಿ ಸದಸ್ಯರು, ಕಾರ್ಯದರ್ಶಿಗಳು ಮತ್ತು ಕ್ಷೇತ್ರ ಸಿಬ್ಬಂದಿಗಾಗಿ ಅಧ್ಯಯನ ಲೇಖನ)

1. ಪೀಠಿಕೆ

ಹೊಳೆಗೆ ನೀರು ಬರುವ ಸುದ್ದಿಯನ್ನು ಹಿಂದೆ ಊರಿಗೆ ತಿಳಿಸುತ್ತಿದ್ದುದು ಡಂಗುರ. ಇಂದು ಅದೇ ಕಾರ್ಯಕ್ಕೆ ಆಕಾಶವಾಣಿ, ದೂರದರ್ಶನ, ಸೈರನ್, ಧ್ವನಿವರ್ಧಕ ಹಾಗೂ ಮೊಬೈಲ್ ಫೋನುಗಳೆಂಬ ಹಲವು ಮಾರ್ಗಗಳಿವೆ. 2023ರ ಅಕ್ಟೋಬರ್ 12ರಂದು ನಮ್ಮ ರಾಜ್ಯದಲ್ಲಿ ಪ್ರಾಯೋಗಿಕ ಎಚ್ಚರಿಕೆ ಸಂದೇಶವನ್ನು ಪ್ರಸಾರ ಮಾಡಿದಾಗ ಕೆಲವರ ಫೋನುಗಳು ಜೋರಾಗಿ ಮೊಳಗಿದವು, ಪಕ್ಕದಲ್ಲಿಯೇ ಇದ್ದ ಕೆಲವರ ಫೋನುಗಳು ಮೌನವಾಗಿದ್ದವು. ಈ ವ್ಯತ್ಯಾಸವೇಕೆ? ಮೌನವಾಗಿ ಉಳಿದ ಫೋನಿನವರನ್ನೂ, ಫೋನೇ ಇಲ್ಲದವರನ್ನೂ ತಲುಪಬೇಕಾದವರು ಯಾರು? ಈ ಎರಡು ಪ್ರಶ್ನೆಗಳೇ ಪ್ರಸ್ತುತ ಲೇಖನದ ವಸ್ತು.

2. ಹೊಸ ವ್ಯವಸ್ಥೆಯ ಕಾರ್ಯವಿಧಾನ

ಸಾಮಾನ್ಯ ಎಸ್‌ಎಂಎಸ್ ಪ್ರತಿಯೊಂದು ಸಂಖ್ಯೆಗೂ ಪ್ರತ್ಯೇಕವಾಗಿ ಹೋಗುತ್ತದೆ. ಅಂಚೆಯವರು ಮನೆಮನೆಗೆ ಕಾಗದ ಹಂಚಿದಂತೆ, ಮನೆಗಳು ಹೆಚ್ಚಿದಷ್ಟೂ ವಿಳಂಬವೂ ಹೆಚ್ಚುತ್ತದೆ. ವಿಪತ್ತಿನ ಹೊತ್ತಿನಲ್ಲಿ ಎಲ್ಲರೂ ಏಕಕಾಲಕ್ಕೆ ಕರೆ ಮಾಡುವುದರಿಂದ ಜಾಲದ ದಟ್ಟಣೆಯೂ ಸೇರಿಕೊಳ್ಳುತ್ತದೆ. ಇದಕ್ಕೆ ಪರಿಹಾರವೇ ಸೆಲ್ ಬ್ರಾಡ್‌ಕಾಸ್ಟ್. ಇದರಲ್ಲಿ ಗೋಪುರವು ತನ್ನ ವ್ಯಾಪ್ತಿಯ ಎಲ್ಲ ಫೋನುಗಳಿಗೂ ಒಂದೇ ಸಂದೇಶವನ್ನು ಒಮ್ಮೆಗೇ ಸಾರುತ್ತದೆ. ಯಾರ ಸಂಖ್ಯೆಯೂ ಬೇಕಿಲ್ಲ. ಪರಊರಿನಿಂದ ಬಂದ ಕುರಿಗಾಹಿಯ ಫೋನಿಗೂ ಅದು ತಲುಪುತ್ತದೆ. ಆದರೆ ಫೋನಿಗೆ ಈ ಸೌಲಭ್ಯವಿರಬೇಕು, ಸೆಟ್ಟಿಂಗ್ಸ್‌ನಲ್ಲಿ ತುರ್ತು ಎಚ್ಚರಿಕೆ ಚಾಲನೆಯಲ್ಲಿರಬೇಕು, ಗೋಪುರಕ್ಕೆ ವಿದ್ಯುತ್ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಫೋನು ಮೌನವಾಗಿರುತ್ತದೆ.

ಇದರ ಹಿಂದೆ ಇನ್ನೊಂದು ಸುಧಾರಣೆಯಿದೆ. ಹಿಂದೆ ಆಕಾಶವಾಣಿಗೆ ಒಂದು ಪಠ್ಯ, ಎಸ್‌ಎಂಎಸ್‌ಗೆ ಮತ್ತೊಂದು, ಸೈರನ್ನಿಗೆ ಬೇರೆಯೇ ಆದೇಶ ಹೊರಡಿಸಬೇಕಿತ್ತು. ಈಗ ಸಾಮಾನ್ಯ ಎಚ್ಚರಿಕಾ ಶಿಷ್ಟಾಚಾರ (ಸಿಎಪಿ) ಎಂಬ ಅಂತರರಾಷ್ಟ್ರೀಯ ಮಾದರಿಯಲ್ಲಿ ಸಂದೇಶವನ್ನು ಒಮ್ಮೆ ರಚಿಸಿದರೆ ಎಲ್ಲ ಮಾಧ್ಯಮಗಳೂ ಅದನ್ನೇ ಬಳಸಬಹುದು. ತುರ್ತು ಎಷ್ಟು, ತೀವ್ರತೆ ಎಷ್ಟು, ಖಚಿತತೆ ಎಷ್ಟು ಎಂಬ ಮೂರು ಅಂಶಗಳನ್ನು ಅದರಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ವ್ಯವಸ್ಥೆಯನ್ನು ಸಿ-ಡಾಟ್ ಸಂಸ್ಥೆಯು ಇದೇ ಮಾದರಿಯಲ್ಲಿ ರೂಪಿಸಿದೆ. ಹವಾಮಾನ ಇಲಾಖೆ, ಕೇಂದ್ರೀಯ ಜಲ ಆಯೋಗ ಮುಂತಾದ ಸಂಸ್ಥೆಗಳ ಮುನ್ಸೂಚನೆಗಳು ಇದರ ಮೂಲಕ ಹರಿದುಬರುತ್ತವೆ. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ಅದರ 'ಸಿಡಿಲು' ಆ್ಯಪ್ ಮಿಂಚಿನ ಮುನ್ನೆಚ್ಚರಿಕೆ ನೀಡುತ್ತದೆ.

3. ಸಂಖ್ಯೆಯನ್ನು ಊರಿನ ಗುರುತಾಗಿಸುವುದು

ಯಂತ್ರ ಮಾಡಲಾಗದ ಕಾರ್ಯವೊಂದು ಇಲ್ಲಿ ಉಳಿಯುತ್ತದೆ. 'ಜಲಾಶಯದಿಂದ 2 ಲಕ್ಷ ಕ್ಯೂಸೆಕ್ ನೀರು ಬಿಡಲಾಗುವುದು' ಎಂಬ ಸೂಚನೆ ನಿಖರವಾದುದೇ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಆದರೆ ಹೊಳೆಯ ದಂಡೆಯಲ್ಲಿರುವ ರೈತನಿಗೆ ಬೇಕಾದುದು ಈ ಲೆಕ್ಕವಲ್ಲ. ತನ್ನ ಪಂಪ್‌ಸೆಟ್ಟು ಮುಳುಗುವುದೇ, ಊರಿನ ಸೇತುವೆ ದಾಟಬಹುದೇ, ಎಷ್ಟು ಹೊತ್ತು ಉಳಿದಿದೆ ಎಂಬುದು ಅವನಿಗೆ ತಿಳಿಯಬೇಕು.

ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ, ಕೃಷ್ಣೆಯ ನಡುಗಡ್ಡೆಗಳ ಸಂಪರ್ಕ ಕಡಿದುಹೋಗುವುದು ನಮಗೆ ತಿಳಿದ ವಿಷಯ. ಕೃಷ್ಣಾ, ಭೀಮಾ ತೀರಗಳಲ್ಲಿ ನೀರು ಏರುತ್ತಿರುವಾಗಲೇ ಮೋಟಾರು ಎತ್ತಿತರಲು ಹೊಳೆಗೆ ಇಳಿಯುವವರೂ ಇದ್ದಾರೆ. ಅವರ ಜೀವ ಉಳಿಯುವುದು ಕ್ಯೂಸೆಕ್‌ನ ಅಂಕಿಯಿಂದಲ್ಲ, 'ಇನ್ನು ಇಷ್ಟು ಗಂಟೆಯೊಳಗೆ ನೀರು ಇಲ್ಲಿಗೆ ಬರುತ್ತದೆ' ಎಂಬ ಮಾತಿನಿಂದ. ಆದ್ದರಿಂದ ಹಿಂದಿನ ಪ್ರವಾಹಗಳಲ್ಲಿ ಎಷ್ಟು ಕ್ಯೂಸೆಕ್‌ಗೆ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಹಿರಿಯರಿಂದ ಕೇಳಿ, ಜಲಾಶಯದ ದಾಖಲೆಯೊಂದಿಗೆ ತಾಳೆ ನೋಡಿ, ಸೇತುವೆಯ ಕಂಬ, ದೇವಸ್ಥಾನದ ಮೆಟ್ಟಿಲು, ಶಾಲೆಯ ಗೋಡೆಗಳ ಮೇಲೆ ಬಣ್ಣದ ಗುರುತು ಹಾಕುವುದು ಪ್ರತಿ ನದಿತೀರದ ಪಂಚಾಯಿತಿಯ ಮೊದಲ ಕಾರ್ಯವಾಗಬೇಕು.

4. ಸಂದೇಶದ ಭಾಷೆ

ಎಸ್‌ಎಂಎಸ್ ಒಂದರಲ್ಲಿ ಇಂಗ್ಲಿಷಿನ 160 ಅಕ್ಷರಗಳಿಗೆ ಅವಕಾಶವಿದ್ದರೆ, ಕನ್ನಡಕ್ಕೆ ದೊರೆಯುವುದು 70 ಸ್ಥಾನ ಮಾತ್ರ. ಗುಣಿತದ ಚಿಹ್ನೆ, ಒತ್ತಕ್ಷರಗಳೂ ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುತ್ತವೆ. 'ಕ್ಷೇತ್ರ' ಎಂಬ ಎರಡಕ್ಷರದ ಪದವೇ 7 ಸ್ಥಾನ ತೆಗೆದುಕೊಳ್ಳುತ್ತದೆ. ಹೀಗಿರುವಾಗ 'ನದಿಪಾತ್ರದ ಸಾರ್ವಜನಿಕರು ಜಾಗೃತರಾಗಿರಲು ಈ ಮೂಲಕ ಕೋರಲಾಗಿದೆ' ಎಂಬ ಕಚೇರಿಯ ಧಾಟಿ ಜಾಗವನ್ನೂ ಕಾಲವನ್ನೂ ವ್ಯರ್ಥಮಾಡುತ್ತದೆ. ಏನು ಮಾಡಬೇಕೆಂಬುದನ್ನಂತೂ ಹೇಳುವುದೇ ಇಲ್ಲ. ಅದರ ಬದಲು ಹೀಗೆ ಬರೆಯಬಹುದು:

'ರಾತ್ರಿ 8ಕ್ಕೆ ಹೊಳೆ ಏರಲಿದೆ. ಕೆಳಗೇರಿಯವರು ಈಗಲೇ ಶಾಲೆಗೆ ಬನ್ನಿ. ಪಂಚಾಯಿತಿ.'

ಯಾವಾಗ, ಏನು, ಯಾರು, ಎಲ್ಲಿಗೆ, ಹೇಳುವವರು ಯಾರು ಎಂಬ ಐದೂ ಅಂಶಗಳು 70 ಸ್ಥಾನಗಳೊಳಗೆ ಅಡಗಿವೆ. ಧ್ವನಿವರ್ಧಕದಲ್ಲಿಯೂ ಇದೇ ಮಾತನ್ನು ಬದಲಿಸದೆ ಸಾರಬೇಕು. ಫೋನಿನಲ್ಲಿ ಒಂದು, ಮೈಕಿನಲ್ಲಿ ಇನ್ನೊಂದು ಕೇಳಿದರೆ ಜನರು ಎರಡನ್ನೂ ನಂಬದೆ ಕಾಯುತ್ತಾ ನಿಲ್ಲುತ್ತಾರೆ.

5. ಒಡಿಶಾದ ಪಾಠ

1999ರ ಮಹಾ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು 10 ಸಾವಿರ ಜನರು ಮೃತಪಟ್ಟರು. 2019ರ ಮೇ ತಿಂಗಳಲ್ಲಿ ಫಾನಿ ಚಂಡಮಾರುತ ಅಪ್ಪಳಿಸುವ ಮುನ್ನ ಅದೇ ರಾಜ್ಯವು ಸುಮಾರು 12 ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿತು. ಸಾವುಗಳ ಸಂಖ್ಯೆ ನೂರರೊಳಗೆ ಉಳಿಯಿತು. ಲಕ್ಷಾಂತರ ಎಸ್‌ಎಂಎಸ್‌ಗಳು, ಕರಾವಳಿಯುದ್ದಕ್ಕೂ ನಿಲ್ಲಿಸಿದ ಸೈರನ್ ಗೋಪುರಗಳು ಇದರಲ್ಲಿ ಪಾಲುಗೊಂಡವು. ಆದರೆ ಮನೆಬಾಗಿಲಿಗೆ ಹೋಗಿ ಜನರನ್ನು ಎಬ್ಬಿಸಿ ಕರೆತಂದವರು ತರಬೇತಿ ಪಡೆದ ಸ್ವಯಂಸೇವಕರು. ಸೈರನ್ ಕೇಳಿದಾಗ ಎಲ್ಲಿಗೆ ಹೋಗಬೇಕೆಂಬುದು ಜನರಿಗೆ ಮೊದಲೇ ತಿಳಿದಿತ್ತು. ಉಪಕರಣ, ಅಭ್ಯಾಸ, ಆಶ್ರಯತಾಣ ಮೂರೂ ಒಟ್ಟಿಗೆ ಇದ್ದುದರಿಂದ ಫಲ ದೊರೆಯಿತು.

6. ತಪ್ಪು ಎಚ್ಚರಿಕೆ ಮತ್ತು ರದ್ದತಿ

2018ರ ಜನವರಿ 13ರಂದು ಅಮೆರಿಕದ ಹವಾಯಿ ದ್ವೀಪಗಳ ಜನರ ಫೋನಿಗೆ ಕ್ಷಿಪಣಿ ದಾಳಿಯ ಸುಳ್ಳು ಎಚ್ಚರಿಕೆ ಹೋಯಿತು. ಅದು ತಪ್ಪೆಂದು ತಿಳಿಸುವ ಸಂದೇಶ ಅದೇ ಮಾರ್ಗದಲ್ಲಿ ಹೊರಡಲು 38 ನಿಮಿಷ ಹಿಡಿಯಿತು, ಏಕೆಂದರೆ ರದ್ದತಿಯ ಪಠ್ಯವನ್ನು ಯಾರೂ ಸಿದ್ಧವಾಗಿಟ್ಟಿರಲಿಲ್ಲ. ಅಪಾಯ ಮುಗಿದಾಗ ಅಥವಾ ತಪ್ಪಿದಾಗ ಕಳುಹಿಸಬೇಕಾದ ಸಂದೇಶವನ್ನೂ ಮೊದಲೇ ಬರೆದಿಡುವುದು ಇದರಿಂದ ಕಲಿಯಬೇಕಾದ ಪಾಠ. ಹಾಗೆಯೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಹಳೆಯ ವಿಡಿಯೋವನ್ನು ಪರಿಶೀಲಿಸದೆ ಮುಂದೆ ಕಳುಹಿಸಬಾರದು. ಭೀತಿಗೆ ಕಾರಣವಾಗುವ ಸುಳ್ಳು ಎಚ್ಚರಿಕೆ ಹರಡುವವರಿಗೆ ವಿಪತ್ತು ನಿರ್ವಹಣಾ ಅಧಿನಿಯಮ, 2005ರ 54ನೇ ಪ್ರಕರಣವು ಒಂದು ವರ್ಷದವರೆಗಿನ ಕಾರಾವಾಸ ಅಥವಾ ದಂಡವನ್ನು ವಿಧಿಸುತ್ತದೆ.

7. ಪಂಚಾಯಿತಿ ಮಟ್ಟದಲ್ಲಿ ಕೈಗೊಳ್ಳಬಹುದಾದ ಕ್ರಮಗಳು

ಇದೇ ಅಧಿನಿಯಮದ 41ನೇ ಪ್ರಕರಣದಂತೆ ಸಿಬ್ಬಂದಿಗೆ ತರಬೇತಿ ನೀಡುವುದು ಮತ್ತು ಸಂಪನ್ಮೂಲಗಳನ್ನು ಸದಾ ಸಿದ್ಧವಾಗಿಡುವುದು ಸ್ಥಳೀಯ ಪ್ರಾಧಿಕಾರಗಳ ಕರ್ತವ್ಯ. ಮುಂಗಾರಿಗೆ ಮುನ್ನ ಈ ಕೆಳಕಂಡವುಗಳನ್ನು ಪೂರ್ಣಗೊಳಿಸುವುದು ಸೂಕ್ತ:

ಅ) ಫೋನ್ ಇಲ್ಲದವರು, ಕಿವಿ ಕೇಳಿಸದವರು, ನಡೆಯಲಾಗದವರು, ತೋಟ-ನಡುಗಡ್ಡೆಗಳಲ್ಲಿ ವಾಸಿಸುವವರು, ಬೀಡುಬಿಟ್ಟ ಕುರಿಗಾಹಿಗಳು ಇವರ ಪಟ್ಟಿಯನ್ನು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ಸಿದ್ಧಪಡಿಸಿ, ಪ್ರತಿಯೊಬ್ಬರಿಗೂ ಸುದ್ದಿ ಮುಟ್ಟಿಸುವ ಹೊಣೆಯನ್ನು ನೆರೆಹೊರೆಯ ಒಬ್ಬರಿಗೆ ವಹಿಸುವುದು.

ಆ) ಸ್ವಚ್ಛ ವಾಹಿನಿಯ ಧ್ವನಿವರ್ಧಕವನ್ನು ಎಚ್ಚರಿಕೆಗೂ ಬಳಸಲು ವಾಹನದ ಚಾಲಕಿಯರಿಗೆ ಮಾರ್ಗ ನಿಗದಿಪಡಿಸುವುದು. ರಾತ್ರಿಯ ವೇಳೆ ವಾಹನದ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನೂ ದಾಖಲಿಸುವುದು.

ಇ) ದೇವಸ್ಥಾನ, ಮಸೀದಿ, ಚರ್ಚುಗಳ ಮೈಕ್ ಬಳಕೆಗೆ ಆಯಾ ಸಮಿತಿಗಳ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯುವುದು.

ಈ) ವಿದ್ಯುತ್ ಮತ್ತು ಗೋಪುರ ಎರಡೂ ಕೈಕೊಟ್ಟಾಗ ಬಳಸಲು ಚಾರ್ಜ್ ಮಾಡಿದ ಕೈಮೈಕು ಇರಿಸಿಕೊಳ್ಳುವುದು, ಹಲಗೆ ಬಾರಿಸುವವರನ್ನು ಗೌರವಧನದೊಂದಿಗೆ ನಿಯೋಜಿಸುವುದು.

ಉ) ಅರಿವು ಕೇಂದ್ರದಲ್ಲಿ ಒಂದು ದಿನದ ಶಿಬಿರ ನಡೆಸಿ ಗ್ರಾಮಸ್ಥರ ಫೋನುಗಳ ಎಚ್ಚರಿಕೆ ಸೆಟ್ಟಿಂಗ್ ಪರಿಶೀಲಿಸುವುದು. 112 ಮತ್ತು ಜಿಲ್ಲಾ ಸಹಾಯವಾಣಿ 1077 ಸಂಖ್ಯೆಗಳನ್ನು ಪ್ರಮುಖ ಗೋಡೆಗಳ ಮೇಲೆ ಬರೆಸುವುದು.

ಊ) ವರ್ಷಕ್ಕೊಮ್ಮೆ ಅಣಕು ಪ್ರದರ್ಶನ ನಡೆಸಿ, ಸಂದೇಶ ಹೊರಟ ಸಮಯ ಹಾಗೂ ಕೊನೆಯ ಮನೆಗೆ ಮುಟ್ಟಿದ ಸಮಯ ಎರಡನ್ನೂ ದಾಖಲಿಸುವುದು.

8. ಉಪಸಂಹಾರ

ಕೊನೆಯ ಅಂಶವೇ ನಿಜವಾದ ಅಳತೆಗೋಲು. ಗೋಪುರದಿಂದ ಫೋನಿಗೆ ಸಂದೇಶ ಮುಟ್ಟಲು ಸೆಕೆಂಡುಗಳು ಸಾಕು. ಫೋನಿನಿಂದ ಕೊನೆಯ ಮನೆಗೆ ಅದು ಎಷ್ಟು ಹೊತ್ತಿನಲ್ಲಿ ಮುಟ್ಟುತ್ತದೆ ಎಂಬುದು ಗ್ರಾಮ ಪಂಚಾಯಿತಿಯ ಸಿದ್ಧತೆಯನ್ನು ಅವಲಂಬಿಸಿದೆ.

ಗ್ರಾಮಸಭೆಯಲ್ಲಿ ಚರ್ಚೆಗೆ ಪ್ರಶ್ನೆಗಳು

1. ಮಧ್ಯರಾತ್ರಿ ಎಚ್ಚರಿಕೆ ಬಂದರೆ ನಮ್ಮ ಊರಿನಲ್ಲಿ ಅದನ್ನು ಮೊದಲು ನೋಡುವವರು ಯಾರು? ಅವರು ಊರಿನಲ್ಲಿ ಇಲ್ಲದಿದ್ದರೆ ಮತ್ತೊಬ್ಬರು ಯಾರು?
2. ಸುದ್ದಿ ಕೊನೆಗೆ ತಲುಪುವ ಮನೆ ಯಾವುದು? ಏಕೆ?
3. ದನಕರುಗಳನ್ನು ಸಾಗಿಸಲು ಎತ್ತರದ ಸ್ಥಳ, ಮೇವು, ನೀರು ಗುರುತಿಸಲಾಗಿದೆಯೇ?