‘ವ್ಯಾಕ್ಸಿನ್’ ಪದದೊಳಗಿನ ಹಸು

ಇಂಗ್ಲಿಷ್ ಬಾರದವರ ಬಾಯಲ್ಲಿಯೂ ಇಂದು ಸಲೀಸಾಗಿ ಸುಳಿದಾಡುವ ಪದ ‘ವ್ಯಾಕ್ಸಿನ್’. ರೋಗ ತಗಲುವುದಕ್ಕೆ ಮೊದಲೇ ಅದನ್ನು ಎದುರಿಸುವ ಶಕ್ತಿಯನ್ನು ಶರೀರದಲ್ಲಿ ಎಚ್ಚರಿಸುವ ಪದಾರ್ಥಕ್ಕೆ ಈ ಹೆಸರು. ಪದದ ಮೂಲವನ್ನು ಅರಸುತ್ತ ಹೊರಟರೆ ನಾವು ಹೋಗಿ ನಿಲ್ಲುವುದು ದನದ ಕೊಟ್ಟಿಗೆಯಲ್ಲಿ! ಲ್ಯಾಟಿನ್ ಭಾಷೆಯಲ್ಲಿ ‘ವಾಕ್ಕ’ ಎಂದರೆ ಹಸು; ‘ವ್ಯಾಕ್ಸಿನ್’ ಎಂದರೆ ಹಸುವಿಗೆ ಸಂಬಂಧಿಸಿದ್ದು.

ರೋಗನಿವಾರಣೆಗೂ ಹಸುವಿಗೂ ಈ ನಂಟು ಬೆಳೆದುದು ಹೇಗೆ? ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಿಡುಬು ಮನೆಮನೆಯ ಭೀತಿಯಾಗಿತ್ತು. ಸಿಡುಬಿನ ಕೀವನ್ನೇ ಆರೋಗ್ಯವಂತರ ಚರ್ಮಕ್ಕೆ ಚುಚ್ಚಿ ರಕ್ಷಣೆ ಪಡೆಯುವ ಪದ್ಧತಿ ಆಗ ಇದ್ದಿತಾದರೂ, ಅದರಿಂದಲೇ ಕೆಲವರು ಸಾಯುತ್ತಿದ್ದರು; ಇತರರಿಗೆ ರೋಗ ಅಂಟುತ್ತಲೂ ಇತ್ತು. ಹಾಲು ಕರೆಯುವವರ ಕೈಗೆ ಹಸುವಿನ ಕೆಚ್ಚಲಿನಿಂದ ತಗಲುವ ಗೋಸಿಡುಬೆಂಬ ಸೌಮ್ಯ ರೋಗ ಒಮ್ಮೆ ಬಂದು ಹೋದರೆ, ಅವರಿಗೆ ಸಿಡುಬು ಬಾರದೆಂಬ ನಂಬಿಕೆ ಹಳ್ಳಿಗರಲ್ಲಿತ್ತು. ಬರ್ಕ್ಲಿಯ ವೈದ್ಯ ಎಡ್ವರ್ಡ್ ಜೆನ್ನರ್ ಇದನ್ನು ಪರೀಕ್ಷಿಸಲು ಮುಂದಾದನು. 1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬ ಗೊಲ್ಲತಿಯ ಕೈಯ ಗುಳ್ಳೆಯಿಂದ ದ್ರವ ತೆಗೆದು, ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಬಾಲಕನ ತೋಳಿಗೆ ಸೇರಿಸಿದನು. ಜುಲೈಯಲ್ಲಿ ಅವನಿಗೆ ಸಿಡುಬಿನ ಕೀವನ್ನೇ ಚುಚ್ಚಿದರೂ ರೋಗ ಕಾಣಿಸಲಿಲ್ಲ. 1798ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಜೆನ್ನರ್ ಗೋಸಿಡುಬನ್ನು ಲ್ಯಾಟಿನ್ನಿನಲ್ಲಿ ‘ವೇರಿಯೋಲೇ ವ್ಯಾಕ್ಸಿನೇ’, ಅಂದರೆ ‘ಹಸುವಿನ ಸಿಡುಬು’, ಎಂದು ಕರೆದನು. ನಮ್ಮ ಪದ ಹುಟ್ಟಿದ್ದು ಇದರಿಂದ.

ಹೆಸರಿನಲ್ಲಿದ್ದ ಹಸು ಜನರನ್ನು ಬೆದರಿಸಿತು. ಚುಚ್ಚಿಸಿಕೊಂಡವರ ಮೈಯಿಂದ ಪುಟ್ಟ ಹಸುಗಳು ಮೂಡಿಬರುತ್ತಿರುವಂತೆ ಗಿಲ್‌ರೇ ಎಂಬ ವ್ಯಂಗ್ಯಚಿತ್ರಕಾರ 1802ರಲ್ಲಿ ಚಿತ್ರಿಸಿದನು. ಅದೇ ವರ್ಷ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಮಗುವೊಂದಕ್ಕೆ ಭಾರತದ ಮೊದಲ ಲಸಿಕೆ ಹಾಕಲಾಯಿತು. ನಮ್ಮವರು ಈ ಕಾರ್ಯಕ್ಕೆ ಇಟ್ಟ ಹೆಸರು ಬೇರೆಯೇ: ‘ದೇವಿ ಹಾಕಿಸುವುದು’. ಇಂಗ್ಲಿಷ್ ಪದ ಔಷಧದ ಮೂಲವನ್ನು ಹಿಡಿದರೆ, ಕನ್ನಡದ ಮಾತು ರೋಗದ ಹೆಸರನ್ನು ಹಿಡಿಯಿತು.

ಬಹುಕಾಲ ‘ವ್ಯಾಕ್ಸಿನ್’ ಸಿಡುಬಿಗೆ ಮಾತ್ರ ಸಲ್ಲುತ್ತಿತ್ತು. ಪ್ರಯೋಗಶಾಲೆಯಲ್ಲಿ ರೋಗಾಣುಗಳನ್ನು ದುರ್ಬಲಗೊಳಿಸಿ, ಕೋಳಿಗಳ ಕಾಲರಾ ಮತ್ತು ದನಕುರಿಗಳ ನೆರಡಿ ರೋಗಕ್ಕೆ ರಕ್ಷಣೆ ಕಂಡುಹಿಡಿದ ಫ್ರಾನ್ಸಿನ ಲೂಯಿ ಪಾಶ್ಚರ್, 1881ರಲ್ಲಿ ಲಂಡನ್ನಿನ ವೈದ್ಯ ಸಮ್ಮೇಳನದಲ್ಲಿ ಒಂದು ಸೂಚನೆ ಮಾಡಿದನು. ಇಂತಹ ಎಲ್ಲ ರಕ್ಷಣೆಗೂ ಜೆನ್ನರನ ಗೌರವಾರ್ಥವಾಗಿ ಇದೇ ಹೆಸರಿರಲಿ ಎಂಬುದೇ ಆ ಸೂಚನೆ. ಸಾಮಾನ್ಯವಾಗಿ ಪದದ ಅರ್ಥ ಜನರ ಬಾಯಲ್ಲಿ ತಾನಾಗಿ ಹಿಗ್ಗುತ್ತದೆ. ಇಲ್ಲಿ ಒಬ್ಬ ವಿಜ್ಞಾನಿ ಇನ್ನೊಬ್ಬನ ಋಣ ತೀರಿಸಲೆಂದು ಅದನ್ನು ಬೇಕೆಂದೇ ಹಿಗ್ಗಿಸಿದನು.

ಸಿಡುಬು ಭೂಮಿಯಿಂದ ತೊಲಗಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. 2020ರ ಕೊನೆಗೆ ಬಳಕೆಗೆ ಬಂದ ಕೆಲವು ಕೋವಿಡ್ ಲಸಿಕೆಗಳಲ್ಲಿ ಇಡೀ ರೋಗಾಣುವೇ ಇಲ್ಲ; ಅದರ ಒಂದು ಭಾಗವನ್ನು ತಯಾರಿಸಲು ಬೇಕಾದ ಸೂಚನೆ ಮಾತ್ರ ಇದೆ. ಗೋಸಿಡುಬಿನೊಡನೆ ಅವಕ್ಕೆ ಯಾವ ಸಂಬಂಧವೂ ಇಲ್ಲ. ಆದರೂ ಹೆಸರು ‘ವ್ಯಾಕ್ಸಿನ್’ ಎಂದೇ ಉಳಿದಿದೆ. ಆದುದರಿಂದ ಪದದ ಮೂಲವನ್ನು ನೋಡಿ ವಸ್ತುವಿನ ಗುಣವನ್ನು ನಿರ್ಣಯಿಸುವುದು ತರವಲ್ಲ. ಶೀಸೆಯೊಳಗೆ ಏನಿದೆಯೆಂಬುದನ್ನು ವಿಜ್ಞಾನದಿಂದ ಅರಿಯಬೇಕು. ಆ ವಿದ್ಯೆ ಎಲ್ಲಿಂದ ಬಂದಿತೆಂಬುದನ್ನು ಮಾತ್ರ ಪದ ನಮಗೆ ನೆನಪಿಸುತ್ತದೆ.