ಮರೆವು ಕಂಡಾಗ ಮೊದಲು ಏನು ಮಾಡಬೇಕು?

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮ ಮನೆಗಳಲ್ಲಿ ಮಾಡಿರುವ ಹಾನಿ ಸಣ್ಣದಲ್ಲ. ಹಿರಿಯರು ಹೇಳಿದ್ದನ್ನೇ ಹೇಳತೊಡಗಿದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತೇವೆ. ಆದರೆ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನ ಪ್ರಕಾರ, ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಶಿಯಾ ಇರುವುದು ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ. ಉಳಿದವರಿಗೆಲ್ಲ ವಯಸ್ಸಾಗಿದೆ, ಡಿಮೆನ್ಶಿಯಾ ಬಂದಿಲ್ಲ. ಹಾಗಾಗಿ ಇದು ಕಾಯಿಲೆ. ಕಾಯಿಲೆಯೆಂದ ಮೇಲೆ ಪರೀಕ್ಷೆ ಬೇಕು, ಬೇಗ ಬೇಕು.

ಮೊದಲ ಹೆಜ್ಜೆ ಮನೆಯಲ್ಲೇ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕಾಡುವುದು ಎಲ್ಲರಿಗೂ ಇದ್ದದ್ದೇ. ನಲವತ್ತು ವರ್ಷ ಮಾಡಿದ ಸಾರಿಗೆ ಮುಂದೇನು ಹಾಕಬೇಕೆಂದು ತೋಚದಿರುವುದು, ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ಪದೇ ಪದೇ ತಪ್ಪುವುದು, ಓಡಾಡಿದ ಬೀದಿಯಲ್ಲೇ ದಾರಿ ತಿಳಿಯದಿರುವುದು ಬೇರೆ ಮಾತು. ಇಂಥದ್ದು ನಡೆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ; ಆ ಗುರುತುಗಳು ವೈದ್ಯರಿಗೆ ಬಹಳ ಹೇಳುತ್ತವೆ. ಒಂದೆರಡು ದಿನದಲ್ಲೇ ಗೊಂದಲ ಕಾಣಿಸಿಕೊಂಡರಂತೂ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸೋಂಕು ಅಥವಾ ಪಾರ್ಶ್ವವಾಯು ಇರಬಹುದು.

ಎರಡನೆಯದು ವೈದ್ಯರ ಭೇಟಿ. ಸ್ಕ್ಯಾನಿಂಗ್‌ಗೆ ಓಡುವ ಮೊದಲು ಬಿ12, ಥೈರಾಯ್ಡ್, ಸಕ್ಕರೆ, ಬಿಪಿ ನೋಡಿಸಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ಕೆಲವು ನಿದ್ರೆ ಮಾತ್ರೆ, ಅಲರ್ಜಿ ಮಾತ್ರೆಗಳೂ ನೆನಪನ್ನು ಮಂಕಾಗಿಸುತ್ತವೆ. ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತದೆ. ಓದು ಬರಹ ಬಾರದ ಅಜ್ಜಿಗೆ ಪರೀಕ್ಷೆ ಹೇಗೆ ಎಂಬ ಅನುಮಾನ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿರುವ ನೆನಪಿನ ಪರೀಕ್ಷೆಗಳು ಕನ್ನಡದಲ್ಲೂ ಇವೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳನ್ನು ಆರಂಭಿಸಿದೆ, ಅಲ್ಲಿ ವಿಚಾರಿಸಿ. ಡಿಮೆನ್ಶಿಯಾದ ಒಂದು ಬಗೆಯಾದ ಆಲ್ಝೈಮರ್ಸ್ ಪತ್ತೆಗೆ ನೆರವಾಗುವ ಪಿ-ಟೌ217 ಎಂಬ ರಕ್ತಪರೀಕ್ಷೆಯ ಸುದ್ದಿ ಓದಿರಬಹುದು. ಅದು ಲಕ್ಷಣ ಇರುವವರಿಗೆ, ತಜ್ಞರ ಸಲಹೆಯ ಮೇಲೆ ಮಾಡಿಸಬೇಕಾದದ್ದು. ಆರೋಗ್ಯವಂತರು ಕುತೂಹಲಕ್ಕೆ ಮಾಡಿಸುವಂಥದ್ದಲ್ಲ.

‘ಗುಣವಾಗದ ಕಾಯಿಲೆ, ಬೇಗ ತಿಳಿದು ಏನಾಗಬೇಕು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಬಿ12 ಕೊರತೆಯೋ ಥೈರಾಯ್ಡ್ ತೊಂದರೆಯೋ ಆಗಿದ್ದರೆ ಚಿಕಿತ್ಸೆಯಿಂದ ಚೇತರಿಸಿಕೊಳ್ಳುವ ಅವಕಾಶವಿದೆ. ತಡಮಾಡಿದಷ್ಟೂ ಅದು ಕೈತಪ್ಪುತ್ತದೆ. ಆಲ್ಝೈಮರ್ಸ್ ಎಂದೇ ಖಚಿತವಾದರೂ ಆಸ್ತಿ, ಬ್ಯಾಂಕು, ಆರೈಕೆಯ ತೀರ್ಮಾನಗಳನ್ನು ಅವರೇ ತಮ್ಮ ಬಾಯಲ್ಲಿ ಹೇಳಬಲ್ಲ ಕಾಲ ಇನ್ನೂ ಉಳಿದಿರುತ್ತದೆ. ಆ ಕಾಲವನ್ನು ಅವರಿಂದ ಕಸಿಯುವ ಹಕ್ಕು ಯಾರಿಗೂ ಇಲ್ಲ.

ಇನ್ನು ತಡೆಯುವ ಮಾತು. 14 ಅಪಾಯಗಳನ್ನು ಪೂರ್ತಿ ನಿವಾರಿಸಿದರೆ ಶೇ 45ರಷ್ಟು ಪ್ರಕರಣಗಳನ್ನು ತಪ್ಪಿಸಬಹುದು ಇಲ್ಲವೇ ಮುಂದೂಡಬಹುದು ಎನ್ನುತ್ತದೆ ಲ್ಯಾನ್ಸೆಟ್ ಆಯೋಗದ 2024ರ ವರದಿ. ಇದು ಇಡೀ ಸಮಾಜದ ಲೆಕ್ಕ, ಒಬ್ಬೊಬ್ಬರಿಗೂ ಕೊಟ್ಟ ಭರವಸೆಯಲ್ಲ. ಎಲ್ಲಕ್ಕೂ ಒಂದೇ ತೂಕದ ಪುರಾವೆಯೂ ಇಲ್ಲ. ಉದಾಹರಣೆಗೆ, ಆ 14ರಲ್ಲಿ ಒಂದಾದ ಕಿವಿ ಮಂದವಾಗುವುದು. ಅಮೆರಿಕದಲ್ಲಿ 977 ಹಿರಿಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಟ್ಟಾರೆ ನೋಡಿದರೆ ಶ್ರವಣಯಂತ್ರದಿಂದ ನೆನಪಿಗೆ ಲಾಭ ಕಾಣಲಿಲ್ಲ. ಹೆಚ್ಚು ಅಪಾಯದಲ್ಲಿದ್ದವರ ಗುಂಪಿನಲ್ಲಿ ಮಾತ್ರ ಮೂರು ವರ್ಷಗಳ ಕುಸಿತ ಶೇ 48ರಷ್ಟು ನಿಧಾನವಾಯಿತು. ಫಲಿತಾಂಶ ಅರೆಬರೆ, ನಿಜ. ಆದರೂ ಕಿವಿ ಕೇಳದೆ ಮಾತುಕತೆಯಿಂದಲೇ ದೂರ ಸರಿದವರಿಗೆ ಯಂತ್ರ ಹಾಕಿಸುವುದರಿಂದ ಕಳೆದುಕೊಳ್ಳುವುದೇನಿದೆ? ಹೊಂದಿಕೊಳ್ಳಲು ಕೆಲವು ವಾರ ಬೇಕು. ಮೊದಲ ದಿನವೇ ಕಿರಿಕಿರಿ ಎಂದು ಪೆಟ್ಟಿಗೆಗೆ ಸೇರಿಸಬೇಡಿ.

ಬಿಪಿಯ ವಿಷಯದಲ್ಲಿ ನಡುವಯಸ್ಸೇ ಮುಖ್ಯ. 2019ರ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗಿಳಿಸಲು ಚಿಕಿತ್ಸೆ ಪಡೆದವರಲ್ಲಿ, ಡಿಮೆನ್ಶಿಯಾಕ್ಕೆ ಮುಂಚಿನ ನೆನಪಿನ ಕುಂದು ಶೇ 19ರಷ್ಟು ಕಡಿಮೆಯಾಗಿತ್ತು. ಡಿಮೆನ್ಶಿಯಾ ಕುರಿತು ಖಚಿತ ಉತ್ತರ ಸಿಗಲಿಲ್ಲ. ನಿಮ್ಮ ಗುರಿ ಎಷ್ಟಿರಬೇಕೆಂದು ವೈದ್ಯರೇ ಹೇಳಲಿ. ಅಪ್ಪನನ್ನು ಪರೀಕ್ಷೆಗೆ ಕರೆದೊಯ್ದ ದಿನ, ನಲವತ್ತು ದಾಟಿದ ನೀವೂ ತೋಳು ಚಾಚಿ ಬಿಪಿ ನೋಡಿಸಿಕೊಂಡು ಬನ್ನಿ.