ಮೊಣಕಾಲು ನೋವಿಗೆ ದಿನಕ್ಕೆ 15 ನಿಮಿಷ

ಮೊಣಕಾಲು ಸವೆದು ನೋವು ಬಂದವರಿಗೆ ಮನೆಯವರು ಹೇಳುವ ಮೊದಲ ಮಾತು, "ಸುಮ್ಮನೆ ಕೂತಿರು." ಇದು ಪ್ರೀತಿಯ ಮಾತೇ. ಆದರೆ ಕೂತಲ್ಲೇ ಕೂತರೆ ತೊಡೆಯ ಸ್ನಾಯು ಸೊರಗಿ ಕೀಲಿನ ಮೇಲೆ ಭಾರ ಹೆಚ್ಚುತ್ತದೆ.

ನೋವು ತಗ್ಗಿಸುವ ಕೆಲವು ವಸ್ತುಗಳನ್ನು ದೇಹವೇ ತಯಾರಿಸುತ್ತದೆ. ಅವಕ್ಕೆ ಎಂಡೋಕ್ಯಾನಬಿನಾಯ್ಡ್ ಎಂದು ಹೆಸರು. 1992ರಲ್ಲಿ ಕಂಡುಹಿಡಿದ ಇಂಥ ಒಂದು ವಸ್ತುವಿಗೆ ವಿಜ್ಞಾನಿಗಳು 'ಆನಂದ' ಎಂಬ ಪದದಿಂದಲೇ ಆನಂದಮೈಡ್ ಎಂದು ಹೆಸರಿಟ್ಟರು. ಗಾಂಜಾದ ಅಂಶ ಮಿದುಳಿನಲ್ಲಿ ಅಂಟುವ ಜಾಗಕ್ಕೇ ಇದೂ ಅಂಟುತ್ತದೆ. ಹಾಗೆಂದು ನೋವಿಗೆ ಗಾಂಜಾ ಸೇದಬಾರದು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 78 ಸಂಧಿವಾತ ರೋಗಿಗಳ ಅಧ್ಯಯನವನ್ನು 2021ರಲ್ಲಿ ಪ್ರಕಟಿಸಿದರು. 38 ಜನ ದಿನಕ್ಕೆ 15 ನಿಮಿಷದಂತೆ 6 ವಾರ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿದರು. 40 ಜನ ಮಾಡಲಿಲ್ಲ. ಮಾಡಿದವರಲ್ಲಿ ನೋವು ಇಳಿಯಿತು, ಎಂಡೋಕ್ಯಾನಬಿನಾಯ್ಡ್ ಹೆಚ್ಚಿತು, ರೋಗನಿರೋಧಕ ವ್ಯವಸ್ಥೆ ಹೊರಬಿಡುವ ಉರಿಯೂತದ ವಸ್ತುಗಳು ಕಡಿಮೆಯಾದವು. ಕರುಳಿನ ಉಪಕಾರಿ ಸೂಕ್ಷ್ಮಾಣುಗಳೂ ಹೆಚ್ಚಿದವು. ಅವುಗಳ ಆಹಾರ ನಾರು. ನಮ್ಮ ಜೋಳದ ರೊಟ್ಟಿ, ತೊಗರಿ, ಸೊಪ್ಪಿನಲ್ಲಿ ಅದಿದೆ.

"ಹೊಲದಲ್ಲಿ ದುಡಿಯುತ್ತೇನಲ್ಲ" ಎಂದು ಭಾಲ್ಕಿ, ಔರಾದ ಕಡೆಯ ರೈತರು ಕೇಳಬಹುದು. ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆದರೆ ಕೀಲಿಗೆ ಒತ್ತಡವೇ ಹೆಚ್ಚು.

ಮಾಡುವ ವಿಧಾನ: ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿರಿ. 5 ಎಣಿಸುವವರೆಗೆ ಹಿಡಿದು ನಿಧಾನವಾಗಿ ಇಳಿಸಿರಿ. ಪ್ರತಿ ಕಾಲಿಗೆ 10 ಸಲ. ಜೊತೆಗಿರುವವರು ಎಣಿಸುತ್ತ ಹುರಿದುಂಬಿಸಿರಿ.

ಎಚ್ಚರಿಕೆ: ಕೀಲು ಕೆಂಪಾಗಿ ಬಾತು ಜ್ವರವಿದ್ದರೆ ಅಥವಾ ಎದೆನೋವು ಬಂದರೆ ವ್ಯಾಯಾಮ ನಿಲ್ಲಿಸಿ ತಕ್ಷಣ ವೈದ್ಯರಿಗೆ ತೋರಿಸಿರಿ. ಈಗಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಬಿಡಬೇಡಿರಿ.